ತೊಳೆದ ತಾಮ್ರ

ಸೇರಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿರುವ ಮೇಷ್ಟ್ರ ಹೆಂಡತಿ, ನಮ್ಮ ಅತ್ತಿಗೆಯವರಿಗೂ ಅವರ ಮಗಳಿಗೂ ನನ್ನ ನಮಸ್ಕಾರ. ಈ ಮೇಜಿನ ಗಡಗಡ ಸದ್ದನ್ನು ಸ್ವಲ್ಪ ಸಹಿಸಿಕೊಳ್ಳಿ. ಅದು ಬೇಕೆಂದೇ ಇಟ್ಟದ್ದು. ಮೇಷ್ಟ್ರು ತೀರಿಕೊಂಡ ಮೇಲೆ ಅಳುವುದಕ್ಕೆ ನಮಗೆ ಐದು ದಿನ ಸಿಕ್ಕಿತು. ಇವತ್ತು ನಾನು ಗೆದ್ದವರ ಬಗ್ಗೆ ಮಾತಾಡಲು ನಿಂತಿದ್ದೇನೆ.

ನಾವು ಅವರನ್ನು ಎಣ್ಣೆ ಮೇಷ್ಟ್ರು ಎನ್ನುತ್ತಿದ್ದೆವು. ಇಪ್ಪತ್ತಾರು ವರ್ಷ ಒಂದೇ ಪ್ರಯೋಗಾಲಯದಲ್ಲಿ ನಮ್ಮದು ಎದುರುಬದುರು ಮೇಜು. ಅವರು ಮುಟ್ಟಿದ ಕಾಗದದ ಮೇಲೆಲ್ಲ ಹೆಬ್ಬೆರಳಿನ ಕಪ್ಪು ಗುರುತು. ರಜೆ ಚೀಟಿಗೆ ಸಹಿ ಹಾಕದಿದ್ದರೂ ಯಾರದೆಂದು ಗೊತ್ತಾಗುತ್ತಿತ್ತು.

ಆ ಕಪ್ಪು ಏನು? — ಎಣ್ಣೆಯಲ್ಲಿ ಕಲಸಿದ ಕಬ್ಬಿಣದ ನುಣ್ಣನೆಯ ಪುಡಿ. ಅಯಸ್ಕಾಂತ ಹತ್ತಿರ ಬಂದರೆ ಗಟ್ಟಿ, ದೂರವಾದರೆ ಮತ್ತೆ ತೆಳು. ನಡುಗುವ ಯಂತ್ರವನ್ನು ಇದು ಹಿಡಿದು ನಿಲ್ಲಿಸಬಲ್ಲದು. ಆದರೆ ಡಬ್ಬಿಯಲ್ಲಿ ತುಂಬಿದರೆ ಸೋರುತ್ತಿತ್ತು. ಮೇಷ್ಟ್ರು ಅದನ್ನು ತೂತುತೂತಾದ ತಾಮ್ರಕ್ಕೆ ಕುಡಿಸಿದರು. ಅದಕ್ಕೆ ಸುತ್ತಿದ ತಂತಿಯಲ್ಲಿ ವಿದ್ಯುತ್ ಹರಿದರೆ ಆ ತಂತಿಯೇ ಅಯಸ್ಕಾಂತ; ಎಣ್ಣೆ ಹೊರಬಂದು ಅಲುಗುವ ತಗಡನ್ನು ಹಿಡಿಯುತ್ತದೆ. ಕೆಲಸ ಮುಗಿದರೆ ತೂತಿನೊಳಗೆ ಹೋಗುತ್ತದೆ. “ಒಳ್ಳೆ ನೆಂಟನ ಹಾಗೆ ಕಣಯ್ಯಾ,” ಎನ್ನುತ್ತಿದ್ದರು, “ಕರೆದಾಗ ಬರ್ತಾನೆ, ಕೆಲಸ ಮುಗಿದ ಮೇಲೆ ಕೂರಲ್ಲ.” ಬೇರೆ ದೇಶಗಳಲ್ಲೂ ಇದನ್ನು ಯೋಚಿಸಿದವರಿದ್ದಾರೆ, ಓದಿದ್ದೇನೆ. ನಮ್ಮಲ್ಲಿ ಮಾಡಿ ತೋರಿಸಿದವರು ಇವರು.

ಹನ್ನೊಂದು ವರ್ಷದ ಹಿಂದೆ, ಒಂದು ಮಂಗಳವಾರ, ಸಮಿತಿ ಅದನ್ನು ಪರೀಕ್ಷಿಸಿತು. ವರದಿ ಒಂದೇ ಸಾಲು: “ಪರಿಣಾಮ ಶೂನ್ಯ, ನಿರುಪಯುಕ್ತ.” ಏಕೆ ಶೂನ್ಯ? ನಮ್ಮಲ್ಲೊಂದು ನಿಯಮವಿದೆ. ಪರೀಕ್ಷೆಗೆ ಬಂದ ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಆಮೇಲೆಯೇ ತೂಗಬೇಕು. ಕಪ್ಪೆಲ್ಲ ಹೋಗುವವರೆಗೆ ಮೂರು ಸಲ ತೊಳೆದದ್ದಾಯಿತು. ತಾಮ್ರ ಫಳಫಳ. ತೊಳೆದವನು — ನಾನು.

ಹೌದು, ನಾನೇ. ಮೇಷ್ಟ್ರು ಬಂದು ತುಂಡನ್ನು ಹೀಗೆ ಮೂಗಿಗೆ ಹಿಡಿದರು. “ತಟ್ಟೆ ತೊಳಿ ಅಂದ್ರೆ ಊಟಾನೂ ತೊಳೆದುಬಿಟ್ಟೆಯಲ್ಲಯ್ಯಾ.” ಅಷ್ಟೇ. ಸಮಿತಿಗೆ ನನ್ನ ಹೆಸರು ಹೇಳಲಿಲ್ಲ. ನಾನೇ ಬರೆದೆ, ಮೂರು ಪತ್ರ. ಬಂದ ಉತ್ತರ ನನಗಿನ್ನೂ ಬಾಯಿಪಾಠ: “ಪರೀಕ್ಷೆ ನಿಯಮದಂತೆ ನಡೆದಿದೆ.” ನಿಯಮದಂತೆಯೇ ತೊಳೆದೆ ಸ್ವಾಮಿ, ನನ್ನ ದೂರೇ ಅದು. ಮರುಪರೀಕ್ಷೆ ಮಾಡಿದರೆ ಸಹಿ ಹಾಕಿದ ಏಳು ಜನಕ್ಕೆ ಅವಮಾನವಂತೆ. ಏಳು ಜನರ ಮರ್ಯಾದೆಗೆ ಒಬ್ಬರ ಹನ್ನೊಂದು ವರ್ಷ. ನಾನು ಮರೆತಿಲ್ಲ; ನೀವೂ ಮರೆಯಬೇಡಿ.

ಮೇಷ್ಟ್ರು ಜಗಳಕ್ಕೆ ಹೋಗಲಿಲ್ಲ. ಕಣ್ಣಾಸ್ಪತ್ರೆಗೆ ಹೋದರು. ಅಲ್ಲಿ ಆಪರೇಷನ್ ಕೋಣೆಯ ತಾರಸಿಯ ಮೇಲೆ ಕೋಣೆಗೆ ತಣ್ಣನೆ ಗಾಳಿ ಊದುವ ದೊಡ್ಡ ಯಂತ್ರ. ಡಾಕ್ಟರಮ್ಮ ಇಲ್ಲೇ ಕೂತಿದ್ದಾರೆ, ಕೇಳಿ — ಅದರ ನಡುಕಕ್ಕೆ ಸೂಕ್ಷ್ಮದರ್ಶಕದಲ್ಲಿ ಸೂಜಿಮೊನೆ ಉಯ್ಯಾಲೆಯಾಡುತ್ತಿತ್ತು. ಮೇಷ್ಟ್ರು ಯಂತ್ರದ ನಾಲ್ಕು ಕಾಲಿಗೂ ತಮ್ಮ ತಾಮ್ರ ಕೂರಿಸಿದರು.

“ಯಾಕೆ, ಯಂತ್ರ ನಿಲ್ಲಿಸಿಬಿಟ್ರಾ?” ಎಂದು ಡಾಕ್ಟರಮ್ಮ ಕೇಳಿದರಂತೆ.

“ಇಲ್ಲಮ್ಮ, ಓಡ್ತಾ ಇದೆ.”

ಓಡುತ್ತಾ ಒಂಬತ್ತು ವರ್ಷವಾಯಿತು. ಒಂದು ಹನಿ ಸೋರಿಲ್ಲ — ಒಂದು ಹನಿ. ನಮ್ಮ ಅತ್ತಿಗೆಯವರ ಎರಡು ಕಣ್ಣೂ ಬೆಳಕಾದದ್ದು ಅದೇ ಕೋಣೆಯಲ್ಲಿ, ಆ ನಿರುಪಯುಕ್ತ ವಸ್ತುವಿನ ಕೆಳಗೆ.

ಆದರೂ ಕಡತದ ಆ ಸಾಲು ಅವರನ್ನು ಕೊರೆಯುತ್ತಿತ್ತು. ಕೊನೆಯ ವಾರವೂ ಕೇಳಿದರು, “ಹೊಡೆದುಹಾಕಿದ್ರೇನಯ್ಯಾ?” ಇಲ್ಲ ಎಂದೆ. ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ.

ಇವತ್ತು ಬೆಳಿಗ್ಗೆ ನಮ್ಮ ಹೊಸ ನಿರ್ದೇಶಕರು ತೊಳೆಯದ ತುಂಡನ್ನು ಪರೀಕ್ಷೆಗೆ ಹಾಕಿಸಿದರು. ಆಮೇಲೆ ಆ ಸಾಲಿನ ಮೇಲೆ ಗೆರೆ ಎಳೆದು ಕೆಳಗೆ ಬರೆದರು: “ಪರಿಣಾಮ ಪೂರ್ಣ.” ಪ್ರತಿ ನನ್ನ ಕೈಯಲ್ಲಿದೆ. ಐದು ದಿನ ತಡ. ಆದರೂ ಗೆಲುವು ಗೆಲುವೇ. ಅತ್ತಿಗೆ, ತಗೊಳ್ಳಿ — ಇದು ನಿಮ್ಮದು.

ಈಗ ಈ ಸದ್ದಿನ ವಿಷಯ. ಮೇಜಿನ ಮೇಲೆ ಓಡುತ್ತಿರುವುದು ಮೇಷ್ಟ್ರ ಹಳೆಯ ಮೋಟಾರು. ಪಕ್ಕದ ಲೋಟದಲ್ಲಿ ನೀರು ಕುಣಿಯುತ್ತಿದೆ, ನೋಡಿ. ಮೋಟಾರಿನ ಕೆಳಗಿರುವುದು ಅವರೇ ಕೈಯಾರೆ ಎಣ್ಣೆ ಕುಡಿಸಿದ ತಾಮ್ರ; ಅದಕ್ಕೆ ವಿದ್ಯುತ್ ಕೊಡುವ ಗುಂಡಿ ಇನ್ನೂ ಒತ್ತಿಲ್ಲ. ಮೋಟಾರನ್ನು ನಾವು ನಿಲ್ಲಿಸುವುದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಗಳೇ, ಬಾ — ಅಪ್ಪನ ಗುಂಡಿ ನೀನೇ ಒತ್ತು. ಲೋಟದ ನೀರು ನಿಂತಾಗ ನಮ್ಮ ಮೌನ ಶುರು.