ಮನೇಲೇ ಉಳಿದ ಸ್ಟೆಪ್ನಿ

ಬೆಳಿಗ್ಗೆ ಕನಕಪುರದ ಬಸ್ಸಿಗೆ ಕಾಯುತ್ತಿದ್ದೆ. ರಾಮನಗರದ ಕಡೆ ಹೊರಟಿದ್ದ ಹೊಸ ಕಾರೊಂದು ಕುಂಟುತ್ತ ಬಂದು ಎದುರಿಗೇ ನಿಂತಿತು. ಹಿಂದಿನ ಸೀಟಿನಲ್ಲೂ ಡಿಕ್ಕಿಯಲ್ಲೂ ರೇಷ್ಮೆಗೂಡಿನ ಚೀಲಗಳು. ಗಂಡ ಹೆಂಡತಿ ಇಳಿದು ಚಪ್ಪಟೆಯಾದ ಚಕ್ರ ನೋಡಿದರು.

"ಪಂಚರ್ ಕಣಮ್ಮಿ. ಚೀಲ ಇಳ್ಸು, ಅಡೀಲಿ ಸ್ಟೆಪ್ನಿ ಐತೆ."

"ಇಲ್ಲ."

"ಇಲ್ಲ ಅಂದ್ರೆ?"

"ಹೋದ್ ಬೆಳೇಲಿ ಇನ್ನೊಂದ್ ಚೀಲ ಹಿಡೀಲಿ ಅಂತ ಈಚೆಗೆ ತೆಗ್ದೋರು ಯಾರು?"

"ನಾನೇ ತೆಗ್ದೆ. ವಾಪಸ್ ಇಡು ಅಂತ ನಿಂಗೆ ಹೇಳಿರ್ಲಿಲ್ವಾ?"

"ಹೇಳಿದ್ರಿ. ಅಷ್ಟೊತ್ಗೆ ಕೋಳಿ ಕೂತ್ಬುಟ್ಟಿತ್ತು."

"ಯಾವ್ ಕೋಳಿ?"

"ನಮ್ ಕೆಂಪ್ ಕೋಳಿ. ಸ್ಟೆಪ್ನಿ ಒಳಕ್ಕೆ ಹುಲ್ಲು ಹಾಕಿ ಕಾವಿಗೆ ಕೂರ್ಸಿವ್ನಿ. ಹದ್ನಾಲ್ಕು ಮೊಟ್ಟೆ."

"ಅಯ್ಯೋ! ಹರಾಜಿಗೆ ಇನ್ನೊಂದೇ ಗಂಟೆ ಐತಲ್ಲೇ!"

"ಕೂಗಾಡ್ಬೇಡಿ. ಚೀಲಾನೂ ಆ ಚಕ್ರಾನೂ ಬಸ್ಸಿಗೆ ಹಾಕಣ. ಗೂಡು ಮಾರ್ಕೆಟ್ಟಿಗೆ, ಚಕ್ರ ಪಂಚರ್ ಅಂಗ್ಡಿಗೆ."

"ಸರಿ, ಹಿಂದಿನ್ ಚಕ್ರಕ್ಕೆ ಕಲ್ಲು ಕೊಡು. ಜಾಕಾದ್ರೂ ಐತಾ?"

"ಐತೆ. ಅದು ಕೋಳಿಗೆ ಬೇಕಾಗ್ಲಿಲ್ಲ."

ಅವನಿಗೆ ನಗು ತಡೆಯಲಾಗಲಿಲ್ಲ. ಚಕ್ರ ಬಿಚ್ಚಿ ಮುಗಿಸುವ ಹೊತ್ತಿಗೆ ರಾಮನಗರದ ಬಸ್ಸು ಬಂತು. ಚೀಲಗಳನ್ನೆಲ್ಲ ಮೇಲಕ್ಕೆ ಹತ್ತಿಸಿ, ಚಕ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ಪಕ್ಕ ಕೂತ. ಕಾರು ಕಾಯಲು ಉಳಿದ ಹೆಂಡತಿ ಕಿಟಕಿಯ ಕೆಳಗೆ ಬಂದು ನಿಂತಳು.

"ಸಂಜೆ ಮನೆಗೆ ಹೋಗಿದ್ದೇ ಸ್ಟೆಪ್ನಿ ಡಿಕ್ಕಿಗೆ ಬರ್ಬೇಕು."

"ಇನ್ನಾರು ದಿನ ತಡೀರಿ, ಮರಿ ಆಗ್ಲಿ."

"ಅಲ್ಲೀಗಂಟ?"

"ಅಲ್ಲೀಗಂಟ ಒಸಿ ರೋಡ್ ನೋಡ್ಕಂಡು ಓಡ್ಸಿ."

ಬಸ್ಸು ಹೊರಟಿತು.