ಮುದುಕಪ್ಪನ ಬಾವಿಯ ಹಸಿರು ಡಬ್ಬಿ

ಮಸ್ಕಿ ಮಲ್ಲಯ್ಯನ ಆಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ದೆವ್ವಗಳ ವಿಷಯದಲ್ಲಿ ನನ್ನಷ್ಟು ಅನುಭವಸ್ಥ ಸಿಂಧನೂರಿನಿಂದ ಲಿಂಗಸುಗೂರಿನ ತನಕ ಇನ್ನೊಬ್ಬನಿಲ್ಲ. ಬಳಗಾನೂರು ಕಾಲುವೆ ಮೇಲೆ ಒಂದು ದೆವ್ವ ನನ್ನ ಹತ್ತಿರ ಬೀಡಿ ಕೇಳಿತ್ತು. ಕಡ್ಡಿಪೆಟ್ಟಿಗೆ ನೀನೇ ತಾ ಅಂದೆ, ನಾಚಿಕೊಂಡು ಹೋಯಿತು. ಆದರೆ ಇದು ಅಂಥ ಕತೆಯಲ್ಲ. ಇದು ನನ್ನ ತಂಗಿಯ ಮಗ ಹುಲಿಗೇಶನಿಗೆ ಆದದ್ದು... ಸ್ವಲ್ಪ ಹತ್ತಿರ ಬರ್ರಿ.

ಆ ರಾತ್ರಿ ಹುಲಿಗೇಶ ಪಾಮನಕಲ್ಲೂರಿನ ಆಲದಮರದ ಕೆಳಗೆ ಬೈಕು ಬಿಟ್ಟು ನಡೆದೇ ಹೊರಟಿದ್ದ. ಮೆಣಸಿನಕಾಯಿ ಹೊಲದ ನೀರು ದಾರಿಗೆ ಹರಿದು, ಎರೆಮಣ್ಣು ಚಪ್ಪಲಿಗೆ ಹತ್ತಿ, ಒಂದೊಂದು ಕಾಲು ಒಂದೊಂದು ಬಂಡಿಯಷ್ಟು ಭಾರ. ಮನೆಗೆ ಹೋಗಬೇಕಾದರೆ ಬಾವಿ ದಾಟಬೇಕು. ಅವನ ಅಣ್ಣ ಮುದುಕಪ್ಪ ಸತ್ತ ಬಾವಿ.

ಹಿಂದಿನ ವರ್ಷ ಮುದುಕಪ್ಪ ಪೈಪಿನ ತಳದ ಫುಟ್‌ವಾಲ್ ತೊಳೆಯಲು ಅದಕ್ಕೆ ಇಳಿದಿದ್ದ. ನಮ್ಮ ಕಡೆ ಒಂದು ಪದ್ಧತಿ. ಕೆಳಗಿಳಿದವನು ನಟ್ಟು ಬಿಚ್ಚುವ ಪಾನಾದಿಂದ ಕಬ್ಬಿಣದ ಪೈಪಿಗೆ ಬಡಿಯುತ್ತಿರಬೇಕು. ಬಡಿತ ಕೇಳುತ್ತಿರುವಷ್ಟು ಹೊತ್ತು ಮೇಲಿದ್ದವನು ಸ್ಟಾರ್ಟರ್ ಮುಟ್ಟುವಂತಿಲ್ಲ. 'ನಾ ಕೆಳಗದೀನಿ, ಮೋಟರ್ ಹಾಕಬ್ಯಾಡ್ರಿ' ಅಂತ ಅದರ ಅರ್ಥ. ಅವತ್ತು ಮೇಲೆ ಯಾರೂ ಇರಲಿಲ್ಲ. ಸ್ಟಾರ್ಟರ್ ಆಟೋದಲ್ಲಿತ್ತು. ಕರೆಂಟು ಬಂತು, ಮೋಟರ್ ತಾನೇ ಹತ್ತಿತು, ಹಳೇ ಕೇಬಲ್ಲಿನಿಂದ ನೀರಿಗೆಲ್ಲ ಕರೆಂಟು ಇಳಿಯಿತು. ಹೆಣ ಸಿಕ್ಕಿತು. ಪಾನಾ ಸಿಗಲಿಲ್ಲ.

ಹುಲಿಗೇಶ ಮಸ್ಕಿಯಲ್ಲಿ ಸ್ಟಾರ್ಟರ್ ರಿಪೇರಿ ಮಾಡುವವನು. ಇನ್ನು ಮುಂದೆ ಆ ಬಾವಿಗೆ ಇಳಿಯುವವಳು ಅತ್ತಿಗೆ ಜೋಗಮ್ಮ. ಅವಳಿಗೂ ಹಾಗಾಗಬಾರದೆಂದು ಒಂದು ಎಲೆಕ್ಟ್ರಾನಿಕ್ ಬೋರ್ಡು ಮಾಡಿ ಸ್ಟಾರ್ಟರಿಗೆ ಕೂಡಿಸಿದ. ಕರೆಂಟು ಬಂದ ಕೂಡಲೇ ಸೈರನ್ ಕೂಗಬೇಕು, ಒಳಗಿದ್ದವರು ಹತ್ತಿ ಬರುವಷ್ಟು ಹೊತ್ತು ಬೋರ್ಡು ಕಾಯಬೇಕು, ಆಮೇಲೆ ಮೋಟರ್. ಅದರಲ್ಲಿ ಅರ್ಧ ತಲೆ ನನ್ನದೇ ಓಡಿದ್ದು. ಹಸಿರು ಡಬ್ಬಿಯಲ್ಲಿ ಇಡು ಅಂದವನು ನಾನು.

ಒಳಗಿನ ಚಿಪ್‌ಗೆ ಹೊತ್ತು ಗೊತ್ತಿಲ್ಲ, ಎಣಿಸುವುದಷ್ಟೇ ಗೊತ್ತು. ಟೈಮರ್ ಆಗು ಅಂದರೆ ಪಕ್ಕದಲ್ಲಿರುವ ಕ್ರಿಸ್ಟಲ್ ಹರಳಿನ ಮಿಡಿತವನ್ನು, ನಿಧಾನ ಮಾಡಿಕೊಂಡು, ತಾನೇ ಎಣಿಸುತ್ತದೆ. ಆ ಮಿಡಿತ ಒಂದೇ ಸಮ, ಹಾಗಾಗಿ ಎಣಿಕೆಯೇ ಹೊತ್ತು. ಕೌಂಟರ್ ಆಗು ಅಂದರೆ ಹರಳನ್ನು ಬಿಟ್ಟು, ಹೊರಗಿನಿಂದ ಯಾರಾದರೂ ಬಂದು ಅದರ ಪಿನ್ನಿಗೆ, ಅಂದರೆ ಕಾಲಿಗೆ, ತಟ್ಟಿದ್ದನ್ನು ಎಣಿಸುತ್ತದೆ. ಎರಡಕ್ಕೂ ಎಣಿಸುವ ಮನೆ ಒಂದೇ. ಇನ್ನೂರೈವತ್ತೈದು ಆದ ಮೇಲೆ ಇನ್ನೊಂದು ಬಿತ್ತೋ, ಸೊನ್ನೆಗೆ ಹೊರಳಿ ಒಳಗೊಂದು ಬಾವುಟ ಏರಿಸುತ್ತದೆ. ಬಾವುಟ ಏರಿತೆಂದರೆ ಮೋಟರ್.

ಆ ಸಂಜೆ ಜೋಗಮ್ಮ ಫೋನಿನಲ್ಲಿ ಬಾಯಿತಪ್ಪಿ ಒಂದು ಮಾತು ಅಂದಿದ್ದಳು. ನಿನ್ನ ಬೋರ್ಡು ಒಮ್ಮೆ ಲಗೂ ಹಾಕತೈತಿ, ಒಮ್ಮೆ ಭಾಳ ತಡ, ದಣದ ಮನಿಷಾನಂಗ ಮಾಡತೈತಿ ಅಂತ. ಹರಳು ದಣಿಯುವುದಿಲ್ಲ. ಹುಲಿಗೇಶ ಅಂಗಡಿಯಲ್ಲೇ ಪ್ರೋಗ್ರಾಮು ತೆಗೆದು ನೋಡಿದ. ಟೈಮರಿನ ಸೊನ್ನೆ ಬರೆಯುವ ಜಾಗದಲ್ಲಿ ಕೌಂಟರಿನ ಒಂದು ಬರೆದುಬಿಟ್ಟಿದ್ದ. ಅದು ಟೈಮರ್ ಆಗಿರಲೇ ಇಲ್ಲ. ಕೌಂಟರ್ ಆಗಿತ್ತು. ಅದರ ಕಾಲಿಗೆ ಸಿಕ್ಕಿಸಿದ್ದೆಂದರೆ, ಮುಂದೆ ನೀರು ಅಳೆಯಲು ಬೇಕಾದೀತೆಂದು ಬಾವಿಯ ಪೈಪಿಗೆ ಕಟ್ಟಿಬಿಟ್ಟಿದ್ದ ಒಂದು ವೈರು. ಯಾರೂ ತಟ್ಟದೆ ಆ ಮೋಟರ್ ಒಂದು ದಿನವೂ ಹತ್ತಬಾರದಿತ್ತು.

ದಿನಾ ಹತ್ತುತ್ತಿತ್ತು.

ಆ ರಾತ್ರಿ ಹುಲಿಗೇಶ ಬಾವಿಯ ಕಟ್ಟೆ ಮುಟ್ಟುವಷ್ಟರಲ್ಲಿ ದೂರದ ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಕರೆಂಟು. ಸೈರನ್ ಒಂದು ಸಲ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಆಮೇಲೆ... ತಳದಿಂದ...

ಠಣ್.

ಡಬ್ಬಿಯ ಗಾಜಿನ ಹಿಂದಿನ ಕೆಂಪು ಅಂಕಿ ಒಂದು ಆಯಿತು.

ಠಣ್... ಠಣ್...

ಕಬ್ಬಿಣದ ಮೇಲೆ ಕಬ್ಬಿಣ. ಒಂದು ಬಡಿತಕ್ಕೆ ಒಂದು ಅಂಕಿ. ನೂರು ದಾಟಿತು. ಹುಲಿಗೇಶನ ಕಾಲುಗಳು ಎರೆಮಣ್ಣಿನಲ್ಲಿ ಹೂತುಹೋಗಿದ್ದವು. ಆಗ ಅವನಿಗೆ ಹೊಳೆಯಿತು. ಕೆಳಗಿದ್ದವನು ಮೋಟರ್ ಹಾಕಬ್ಯಾಡ್ರಿ ಅಂತ ಬಡಿಯುತ್ತಿದ್ದಾನೆ. ಆ ಬಡಿತವನ್ನೇ ಎಣಿಸಿ ಎಣಿಸಿ, ತುಂಬಿಸಿಕೊಂಡು, ತನ್ನ ಬೋರ್ಡು ಮೋಟರ್ ಹಾಕುತ್ತಿದೆ. ದಿನಾ ರಾತ್ರಿ.

ಬಾವಿಗೆ ಬಗ್ಗಿ ಪಿಸುಗುಟ್ಟಿದ. "ಅಣ್ಣಾ... ಬಡೀಬ್ಯಾಡ. ಬಡದಷ್ಟೂ ತುಂಬತೈತಿ."

ಬಡಿತ ನಿಂತಿತು. ಒಂದು ಉಸಿರಿನಷ್ಟು ಹೊತ್ತು...

ಆಮೇಲೆ ಜೋರಾಯಿತು. ಮೇಲೆ ಯಾರೋ ಬಂದಿದ್ದಾರೆಂದು ಗೊತ್ತಾದವನು ಸುಮ್ಮನಿರುತ್ತಾನೆಯೇ? ಠಣ್ ಠಣ್ ಠಣ್ ಠಣ್. ಹುಲಿಗೇಶ ಫ್ಯೂಜಿನ ಕಡೆ ಕೈ ಚಾಚಿದ. ಅಂಕಿ ಸೊನ್ನೆಗೆ ಹೊರಳಿತು. ರಿಲೇ ಟಿಕ್ ಎಂದಿತು. ಸ್ಟಾರ್ಟರ್ ಧಡ್ ಎಂದಿತು.

ಒಂದು ಬಡಿತ ಅರ್ಧಕ್ಕೇ ಕತ್ತರಿಸಿಹೋಯಿತು.

ತಿರುಗಿ ನೋಡಿದರೆ ಬ್ಯಾಟರಿ ಹಿಡಿದು ಜೋಗಮ್ಮ ನಿಂತಿದ್ದಳು, ನೀರು ಹಾಯಿಸಲು ಬಂದವಳು.

"ಕೇಳಿದೇನು?" ಅಂದಳು.

"ನಿನಗ ಮೊದಲೇ ಗೊತ್ತಿತ್ತಾ, ಅತ್ತಿಗಿ?"

"ದಿನಾ ಕೇಳತೀನಿ. ಮೋಟರ್ ಹತ್ತೋತನಕ ಅವರು ಅದಾರಂತ ಅನಸತೈತಿ." ಸೆರಗಿನಿಂದ ಡಬ್ಬಿಯ ಗಾಜು ಒರೆಸಿದಳು. "ನೀ ವೈರ್ ಕಿತ್ತೀಯಂತ ಬಡಿತದ ಮಾತು ಹೇಳಲಿಲ್ಲ. ಕೀಳಬ್ಯಾಡ."

"ದಿನಾ ಸಾಯಾಕತ್ತಾನ, ಅತ್ತಿಗಿ."

ಅವಳು ಸಲಿಕೆ ತಗೊಂಡು ಮೆಣಸಿನಕಾಯಿ ಸಾಲಿಗೆ ಹೋದಳು.

ಹುಲಿಗೇಶ ವೈರು ಕಿತ್ತ. ಮರುದಿನ ಒಂದನ್ನು ಅಳಿಸಿ ಸೊನ್ನೆ ಬರೆದ. ಈಗ ಬೋರ್ಡು ತನ್ನ ಹರಳನ್ನಷ್ಟೇ ಎಣಿಸುತ್ತದೆ, ಹೊರಗಿನ ಯಾರ ಮಾತೂ ಅದಕ್ಕೆ ಕೇಳುವುದಿಲ್ಲ. ಸೈರನ್ ಆದ ಮೇಲೆ ದಿನಾ ಅಷ್ಟೇ ಹೊತ್ತು, ಆಮೇಲೆ ಮೋಟರ್. ಬಾವಿಯಲ್ಲಿ ಬಡಿತ ನಿಂತಿತು. ಜೋಗಮ್ಮ ಮೈದುನನ ಸಂಗಡ ಮಾತು ಬಿಟ್ಟಳು.

ಬೇಸಿಗೆಯಲ್ಲಿ ಬಾವಿ ಬತ್ತಿತು, ಪೈಪು ಎತ್ತಿದೆವು. ಐದಾರು ಮಂದಿ ಇದ್ದರು, ಆದರೆ ಎತ್ತಿದ್ದು ನಾನೊಬ್ಬನೇ ಅಂತಲೇ ತಿಳಕೊಳ್ರಿ. ಪೈಪೆಲ್ಲ ತುಕ್ಕು. ತಳದ ಹತ್ತಿರ ಅಂಗೈಯಗಲ ಜಾಗ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಬಡಿಸಿಕೊಂಡು ಬಡಿಸಿಕೊಂಡು ತಗ್ಗುಬಿದ್ದು. ಈ ಕಣ್ಣಿಂದ ಕಂಡಿದ್ದೇನೆ. ಈ ಬೆರಳು ಇಟ್ಟು ನೋಡಿದ್ದೇನೆ.

ಇಷ್ಟೂ ನಡೆದದ್ದೇ. ಒಂದೇ ಒಂದು ಸಣ್ಣ ಮಾತು ನಾನು ಕೈಯಿಂದ ಹಾಕಿದ್ದು, ನಿಮಗೆ ನಿದ್ದೆ ಬರಲಿ ಅಂತ... ವೈರು ಕಿತ್ತ ಮೇಲೆ ಬಡಿತ ನಿಂತಿತು ಅಂದೆನಲ್ಲ, ಅದು.