ಗೋಡೆಗೆ ಒರಗಿ ನಿಂತವಳು

ಹೆಂಗಸರ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ಸ್ಕ್ಯಾನಿಂಗ್ ಮುಗಿಯಲೆಂದು ಕಾಯುತ್ತಿದ್ದ ಟೈಲರ್ ಹೆಂಗಸಿಗೆ ಪಕ್ಕದ ತಾಯಿ-ಮಗಳ ಮಾತು ಕೇಳುವ ಇರಾದೆಯೇನೂ ಇರಲಿಲ್ಲ. ಆದರೆ ಅಷ್ಟು ಜಾಗವಿದ್ದೂ ತಾಯಿ ಗೋಡೆಗೆ ಒರಗಿ ನಿಂತೇ ಇದ್ದಳು.

"ಕೂತ್ಕೋಮ್ಮ," ಎಂದಳು ಬೆಂಚಿನ ಮೇಲಿದ್ದ ಮಗಳು.

"ಕೂತ್ರೆ ಒತ್ತುತ್ತೆ."

"ಡಾಕ್ಟ್ರು ಏನಂದ್ರು?"

"ಗರ್ಭಕೋಶ ಜಾರಿ ಹೊರಗೇ ಬಂದಿದೆಯಂತೆ. ಅದನ್ನ ತೆಗೆದು, ಒಳಗೆ ಬಿಗಿಯಾಗಿ ಹೊಲಿಗೆ ಹಾಕ್ತಾರಂತೆ."

"ಯಾವಾಗಿಂದ ಹೀಗೆ?"

"ನಿನ್ನ ತಮ್ಮ ಹುಟ್ಟಿದಾಗಿಂದ."

"ಅವನಿಗೇ ಈಗ ಮಕ್ಕಳಾಗಿವೆ, ಅಮ್ಮಾ!"

"ಹೌದು."

"ಕ್ಯಾಂಟೀನಲ್ಲಿ ಅಷ್ಟು ದೊಡ್ಡ ಪಾತ್ರೆ ಎತ್ತುತಿದ್ಯಲ್ಲ?"

"ಎತ್ತುತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ಕೈಯಲ್ಲೇ ಒಳಗೆ ತಳ್ಕೋತಿದ್ದೆ."

"ಯಾರ ಹತ್ರಾನೂ ಬಾಯಿ ಬಿಡ್ಲಿಲ್ವಾ?"

"ನಿಮ್ಮಜ್ಜಿಗೆ ಹೇಳ್ದೆ. ನಂಗೂ ಹಾಗೇ ಇದೆ, ಬಟ್ಟೆ ಬಿಗಿಯಾಗಿ ಕಟ್ಕೋ ಅಂದ್ರು. ಕಟ್ಕೊಂಡೆ."

ತಾಯಿಯ ದನಿಯಲ್ಲಿ ಅಳುವೂ ಇರಲಿಲ್ಲ, ದೂರೂ ಇರಲಿಲ್ಲ. ಊಟಕ್ಕೆ ಏನು ಮಾಡಿದ್ದೆ ಎಂದು ಹೇಳುವ ಹಾಗೆ ಹೇಳಿದಳು. ಮಗಳು ತಲೆ ತಗ್ಗಿಸಿ ಸೆರಗಿನ ಅಂಚು ಸುರುಳಿ ಸುತ್ತತೊಡಗಿದಳು.

"ನಿಂಗೆ?" ಎಂದಳು ತಾಯಿ.

"ನಂಗೇನು?"

"ನೀನೂ ಹೆತ್ತಿದ್ದೀಯ. ಹೇಳು."

ಮಗಳು ದನಿ ತಗ್ಗಿಸಿದಳು. "ಕೆಮ್ಮಿದ್ರೆ ಉಚ್ಚೆ ಹೋಗಿಬಿಡುತ್ತೆ. ಸಂಜೆ ಹೊತ್ತಿಗೆ ಏನೋ ಕೆಳಗಿಳಿದ ಹಾಗಿರುತ್ತೆ. ದೊಡ್ಡದೇನಲ್ಲ ಬಿಡಮ್ಮ."

ಬಾಗಿಲು ಅರ್ಧ ತೆರೆದು ನರ್ಸ್ ಕರೆದಳು: "ಆಪರೇಷನ್‌ಗೆ ಬಂದೋರು ಒಳಗೆ ಬನ್ನಿ."

"ಹೋಗಮ್ಮ, ನಾನು ಇಲ್ಲೇ ಇರ್ತೀನಿ."

"ನೀನೂ ಬಾ, ತೋರಿಸ್ಕೋ."

"ಇವತ್ತು ನಿಂದಾಗ್ಲಮ್ಮ."

"ನಂಗೂ ಮೊದಮೊದಲು ದೊಡ್ಡದೇನಿರ್ಲಿಲ್ಲ. ಏಳು."

ಅವಳು ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ತಾನು ಕಾಲು ಅಗಲಿಸಿಕೊಂಡು ನಿಧಾನವಾಗಿ ನಡೆಯುತ್ತ, ಮಗಳನ್ನೇ ಮುಂದೆ ಬಿಟ್ಟುಕೊಂಡು ಒಳಗೆ ಹೋದಳು.